ಬಸ್‌ಸ್ಟ್ಯಾಂಡ್ ಬೋರ್ಡಿನಂಥ ಟರ್ಮಿನಲ್

ಇವತ್ತು ನನ್ನ ಟರ್ಮಿನಲ್ ನೋಡಿ ನಕ್ಕವರಿಗೆ ಇಲ್ಲೇ ಉತ್ತರ ಕೊಡುತ್ತಿದ್ದೇನೆ, ಗೆಳೆಯರೇ.

ತಿರುಮಣಿ ಹತ್ತಿರದ ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ನಾನು, ಸಹೋದ್ಯೋಗಿ ಮಂಜುನಾಥ ಅಕ್ಕಪಕ್ಕ ಕೂರುತ್ತೇವೆ. ಪ್ಯಾನೆಲ್ಲುಗಳ ಕರೆಂಟನ್ನು ಲೈನಿಗೆ ಹೊಂದಿಸಿಕೊಡುವ ಇನ್ವರ್ಟರುಗಳ ಸ್ಥಿತಿಗತಿಯೆಲ್ಲ ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳೇ ಇರುವ ಕಂಪ್ಯೂಟರ್ ಪರದೆಯಲ್ಲಿ, ಸಾಲುಸಾಲಾಗಿ ಬರುತ್ತದೆ. ಅವನದು ಕಪ್ಪು ಹಿನ್ನೆಲೆ, ಅದರಲ್ಲಿ ಮಸುಕಾಗಿ ನಿಡುಗಲ್ ಕೋಟೆಯ ಫೋಟೊ, ಮೇಲೆ ಇರುವೆಯಷ್ಟು ಸಣ್ಣ ಹಸಿರು ಅಕ್ಷರ. ನಾನು ಬೆಳಿಗ್ಗೆ ನನ್ನದಕ್ಕೆ ಬಿಳಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರ ಹಾಕಿ, ಎಚ್ಚರಿಕೆ ಬಂದರೆ ಇಡೀ ಸಾಲು ಕೆಂಪಾಗುವಂತೆ ಮಾಡಿದೆ.

“ಏನಕ್ಕಾ ಇದು, ಬಸ್‌ಸ್ಟ್ಯಾಂಡ್ ಬೋರ್ಡ್ ಇದ್ದಂಗೈತೆ!” ಎಂದ.

“ಓದಕ್ಕೆ ಇರೋದು ಕಣಪ್ಪ, ಹೆಣ್ಣು ನೋಡೋ ಶಾಸ್ತ್ರಕ್ಕಲ್ಲ” ಎಂದೆ.

ಮಧ್ಯಾಹ್ನ ಕಿಟಕಿಯಿಂದ ಪಾವಗಡದ ಬಿಸಿಲು ನುಗ್ಗಿತು. ಅವನ ಕಪ್ಪು ಪರದೆಯಲ್ಲಿ ಅವನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ನೀರು ತರಲು ಎದ್ದಿದ್ದೆ. ಏಳನೇ ಇನ್ವರ್ಟರ್ ವಿಪರೀತ ಕಾದಿದೆ ಎಂಬ ಎಚ್ಚರಿಕೆ ಇಬ್ಬರ ಪರದೆಗೂ ಬಂದಾಗ ಮಂಜುನಾಥ ಅದೇ ಪರದೆ ನೋಡಿಕೊಂಡು ಮೀಸೆ ತೀಡುತ್ತಿದ್ದ. ಕೂಗಿದ್ದು ಬಾಗಿಲಲ್ಲಿ ನಿಂತಿದ್ದ ಗಾರ್ಡ್ ನರಸಿಂಹಣ್ಣ.

“ಮೇಡಂ, ನಿಮ್ದು ಕೆಂಪಗಾಗೈತೆ! ಏಳು ಅಂತ ತೋರುಸ್ತೈತೆ!”

ಓಡಿಬಂದು ತಕ್ಷಣ ಆ ಇನ್ವರ್ಟರ್ ಬಂದ್ ಮಾಡಿದೆ. ಯಂತ್ರ ಸುಡುವುದು ತಪ್ಪಿತು.

“ಅಕ್ಕಾ, ನಂಗೂ ಅಂಗೇ ಮಾಡ್ಕೊಡಿ” ಎಂದ ಮಂಜುನಾಥ. ಮಾಡಿಕೊಟ್ಟೆ. ಐದು ನಿಮಿಷಕ್ಕೆ ಹೊಸ ತಕರಾರು: “ಇದ್ರಲ್ಲಿ ಮುಖಾನೇ ಕಾಣಲ್ವಲ್ಲಕ್ಕಾ!”

ಕೈ ತೊಳೆಯುವ ಬೇಸಿನ್ ಮೇಲೆ ಕನ್ನಡಿ ಇದೆ, ತಮ್ಮಾ. ಮೇಜಿನ ಮೇಲಿರುವುದು ಕಂಪ್ಯೂಟರ್.