ಹಿರಿಯ ಮಗನ ಕೂದಲು

ಚಂದ್ರಮ್ಮ, ನಿಮ್ಮ ಮಗ ಜಗದೀಶ ತಾನಾಗಿ ಕೂದಲು ತೆಗೆಸಿಕೊಳ್ಳಲಿಲ್ಲ. ತೆಗೆಸಿದವನು ನಾನು. ನಿಮಗೆ ಸುಳ್ಳು ಹೇಳಿದವನೂ ನಾನೇ.

ಆಗ ನಾನು ಸಿರುಗುಪ್ಪದ ಕಡೆಯ ಒಂದು ಹಾಸ್ಟೆಲ್ಲಿನ ವಾರ್ಡನ್. ಕುರುಗೋಡಿನ ಅಂಚಿನಲ್ಲಿದ್ದ ನಿಮ್ಮ ಹಕ್ಕಿಪಿಕ್ಕಿ ಕೇರಿಯಿಂದ ಮಗನನ್ನು ಕರೆತಂದಿದ್ದಿರಿ. ಹೆಗಲ ಮೇಲೆ ಮಾರುವ ಪ್ಲಾಸ್ಟಿಕ್ ಹೂವಿನ ಗಂಟು ಇತ್ತು. ಹುಡುಗನಿಗೆ ಬೆನ್ನು ಮುಚ್ಚುವಷ್ಟು ಕೂದಲು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಿರಿ.

"ಇದು ನಮ್ಮ ದೇವ್ರು ಅಮ್ಮನ ಕೂದ್ಲರಿ ಸಾರ್. ನಮ್ಮಾಗ ಹಿರೇ ಮಗನ ತಲಿಗೆ ಕತ್ರಿ ತಾಗಸಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಇದೊಂದು ಕಾಪಾಡ್ರಿ" ಎಂದಿರಿ.

"ಆತು ಬಿಡಬೇ, ನಾ ನೋಡ್ಕಂತೀನಿ" ಎಂದೆ. ನನಗಿಂತ ಹಿರಿಯರಾದ ನಿಮ್ಮನ್ನು ಆಗ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬಹುವಚನ ಬಳಸುತ್ತಿದ್ದೇನೆ ಎಂದು ದೊಡ್ಡ ಮನುಷ್ಯನಾಗುವುದಿಲ್ಲ, ಗೊತ್ತು.

ಬಳ್ಳಾರಿಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬರುವವರಿದ್ದರು. ಗೋಡೆಗೆ ಸುಣ್ಣ ಹೊಡೆಸಿದೆ, ತಟ್ಟೆಗಳನ್ನು ಉಜ್ಜಿಸಿದೆ. ಸಾಲಾಗಿ ನಿಂತ ಹುಡುಗರಲ್ಲಿ ಒಬ್ಬನಿಗೆ ಮಾತ್ರ ಜಡೆ — ನನ್ನ ಕಣ್ಣಿಗೆ ಅದೊಂದು ಕೊಳೆಯಂತೆ ಕಂಡಿತು. ಹೇನಾಗಿದೆ ಎಂದು ಅಡುಗೆಯವರ ಮುಂದೆ ಹೇಳಿದೆ. ಹೇನಿರಲಿಲ್ಲ. ಕ್ಷೌರಿಕನನ್ನು ಕರೆಸಿದೆ. ಆಗ ನನ್ನ ಕೊರಳಲ್ಲಿ ಲಿಂಗವಿತ್ತು, ಈಗಲೂ ಇದೆ. ತಪಾಸಣೆ ಇದೆ, ಅದನ್ನು ಬಿಚ್ಚಿಡು ಎಂದು ಯಾರಾದರೂ ಹೇಳಿದ್ದರೆ ನಾನು ಊರನ್ನೇ ಒಂದು ಮಾಡುತ್ತಿದ್ದೆ. ನಿಮ್ಮ ದೇವರ ಪರವಾಗಿ ಕೇಳುವವರಿಲ್ಲ ಎಂಬ ಧೈರ್ಯ ನನಗೆ.

ಅಧಿಕಾರಿ ಬಂದರು, ನಾನು ಭಾಷಣ ಮಾಡಿದೆ. ಬುಡಕಟ್ಟು ಜನರ ಆಚಾರ, ಭಾಷೆ, ಬದುಕನ್ನು ಕಾಪಾಡುವುದೇ ಈ ದೇಶದ ನೀತಿ, ಅದಕ್ಕಾಗಿಯೇ ಇಂಥ ಹಾಸ್ಟೆಲ್‌ಗಳು — ಹೀಗೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಬೋಳು ತಲೆಯ ಜಗದೀಶನೂ ಕೊನೆಯ ಸಾಲಿನಲ್ಲಿ ಕುಳಿತಿದ್ದ. ನನ್ನ ಸಂಬಳ ಬರುತ್ತಿದ್ದುದೇ ಆ ನೀತಿಯಿಂದ, ಚಂದ್ರಮ್ಮ. ನಿಮ್ಮನ್ನು ಕಾಪಾಡಲೆಂದು ಕೊಟ್ಟ ಅನ್ನವನ್ನು ತಿಂದು ನಿಮ್ಮ ಮಗನ ತಲೆ ಬೋಳಿಸಿದೆ.

ಆಮೇಲೆ ನೀವು ಬಂದಿರಿ. ಮಗನ ತಲೆ ನೋಡಿ ಅಲ್ಲೇ ಕುಸಿದು ಕುಳಿತಿರಿ. "ತಾನಾಗೇ ಬಂದು ಕೇಳ್ಯಾನ. ಹುಡುಗರು ನಗತಾರ, ನಾಚಿಕಿ ಆಗತೈತಿ, ತೆಗಿಸ್ರಿ ಅಂದ. ನಾ ಏನ್ ಮಾಡ್ಲಿ?" ಎಂದೆ. ಜಗದೀಶ ಇಲ್ಲ ಇಲ್ಲ ಎಂದು ನಿಮ್ಮ ಭಾಷೆಯಲ್ಲಿ ಏನೇನೋ ಹೇಳಿದ. ನೀವು ಅವನ ಕೆನ್ನೆಗೆ ಹೊಡೆದಿರಿ. ಓದಿದವನು, ಲಿಂಗ ಕಟ್ಟಿದವನು ಸುಳ್ಳು ಹೇಳುತ್ತಾನೆಯೇ — ಹೆತ್ತ ಮಗನನ್ನು ಬಿಟ್ಟು ನನ್ನನ್ನು ನಂಬಿದಿರಿ. ನಿಮ್ಮ ಕುಲದ ಪಂಚಾಯಿತಿ ಅವನಿಗೆ ದಂಡ ಹಾಕಿತು, ಅಮ್ಮನ ಪೂಜೆಯಲ್ಲಿ ಹಿರಿಯ ಮಗ ನಿಲ್ಲುವ ಜಾಗದಿಂದ ಅವನನ್ನು ಇಳಿಸಿತು ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ. ಅವನು ಮತ್ತೆ ಕೂದಲು ಬಿಡಲೇ ಇಲ್ಲ.

ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಸಾಕಾಗಿತ್ತು. ಆದರೆ ನಾನು ಅಲ್ಲಿಗೂ ನಿಲ್ಲಲಿಲ್ಲ.

ಹೋದ ವರ್ಷ ಜಗದೀಶ ಲೈನ್‌ಮನ್ ಕೆಲಸಕ್ಕೆ ಆಯ್ಕೆಯಾದ. ಬುಡಕಟ್ಟಿಗೆ ಮೀಸಲಾದ ಕೆಲಸ. ಅವನು ನಿಜಕ್ಕೂ ಹಕ್ಕಿಪಿಕ್ಕಿಯೇ ಎಂದು ಖಚಿತಪಡಿಸಿಕೊಳ್ಳಲು ಬಳ್ಳಾರಿಯ ಕಚೇರಿಯೊಂದರಲ್ಲಿ ವಿಚಾರಣೆ ನಡೆಯಿತು. ಅವನನ್ನು ಓದಿಸಿದ ವಾರ್ಡನ್ ಎಂದು ನಿವೃತ್ತನಾದ ನನ್ನನ್ನೂ ಕರೆದರು. ನೀವು ಬಾಗಿಲ ಹೊರಗೆ ಬೆಂಚಿನ ಮೇಲೆ ಇದ್ದಿರಿ.

ವಿಚಾರಣೆಯ ಅಧಿಕಾರಿ ಜಗದೀಶನ ತಲೆ ನೋಡಿ ನನ್ನ ಕಡೆ ತಿರುಗಿದರು. "ಹಿರೇ ಮಗ ಕೂದ್ಲ ಬಿಡಬೇಕಂತ ಇವರ ಪದ್ಧತಿ. ಇವನಿಗೆ ಎಲ್ಲೈತ್ರಿ? ಹಾಸ್ಟೆಲ್ಲಿಗೆ ಬಂದಾಗರೆ ಇತ್ತೇನು?"

ಜಗದೀಶ ನನ್ನನ್ನೇ ನೋಡುತ್ತಿದ್ದ. ಇತ್ತು ಎಂದರೆ ಏನಾಯಿತು ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ನನ್ನ ಹೆಸರು, ನನ್ನ ಪಿಂಚಣಿ, ಮೊಮ್ಮಕ್ಕಳ ಮುಂದೆ ನನ್ನ ಮುಖ —

"ನೆನಪಿಲ್ರಿ" ಎಂದೆ.

ಬುಡಕಟ್ಟಿನ ಲಕ್ಷಣ ಕಾಣಲಿಲ್ಲವಂತೆ. ಕೆಲಸ ಹೋಯಿತು. ಹೇಳಿ ಚಂದ್ರಮ್ಮ, ಇದಕ್ಕಿಂತ ನಾಚಿಕೆಗೇಡು ಉಂಟೆ? ಸರ್ಕಾರದ ಒಂದು ಕೈ ಕೂದಲು ಕತ್ತರಿಸುತ್ತದೆ, ಇನ್ನೊಂದು ಕೈ ಕೂದಲೆಲ್ಲಿ ಎಂದು ಕೇಳುತ್ತದೆ. ಹುಡುಗ ಶಾಲೆಗೆ ಬರಬೇಕು, ನಮ್ಮ ಹಾಗೆ ಕಾಣಬೇಕು, ನಮ್ಮ ಹಾಗೆ ಮಾತಾಡಬೇಕು; ಅಷ್ಟಾದ ಮೇಲೆ ನೀನು ಅವರ ಹಾಗಿಲ್ಲವಲ್ಲ ಎಂದು ಹೊರಗೆ ದಬ್ಬಬೇಕು. ಇದನ್ನು ಕಾಪಾಡುವುದು ಎನ್ನುತ್ತಾರೆಯೇ? ನನ್ನ ಮೈ ಉರಿಯುತ್ತದೆ. ಆದರೆ ಆ ಎರಡೂ ಕೈ ನನ್ನವೇ ಆಗಿದ್ದವು. ಸರ್ಕಾರವನ್ನು ಬೈದು ನಾನು ತಪ್ಪಿಸಿಕೊಳ್ಳಲಾರೆ.

ಹೊರಗೆ ಬಂದಾಗ ನೀವು ಮಗನಿಗೆ ಕನ್ನಡದಲ್ಲೇ ಅಂದದ್ದು ಕಿವಿಗೆ ಬಿತ್ತು: "ಅಮ್ಮನ ಶಾಪ ಇದು. ನೀನಾಗೇ ತೆಗಿಸ್ಕಂಡಿ, ನೀನೇ ಅನುಭವಿಸು." ಅವನು ನಿಮ್ಮನ್ನು ಅಲ್ಲೇ ಬಿಟ್ಟು ಹೊರಟುಹೋದ. ಈಗ ಕುಡತಿನಿಯಲ್ಲಿ ದಿನಗೂಲಿಗೆ ಹೋಗುತ್ತಾನೆ, ನಿಮ್ಮ ಮನೆಗೆ ಬರುವುದಿಲ್ಲ ಎಂದು ತಿಳಿಯಿತು.

ಮುಂದಿನ ವಾರ ಅವನ ಮೇಲ್ಮನವಿಯ ವಿಚಾರಣೆ. ಅಲ್ಲಿ ನಿಂತು ಕೂದಲಿತ್ತು, ನಾನೇ ತೆಗೆಸಿದೆ, ಕಳೆದ ಸಲ ಸುಳ್ಳು ಹೇಳಿದೆ ಎಂದು ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಪಂಚಾಯಿತಿಯ ಮುಂದೆ ಬರುತ್ತೇನೆ. ಮಗನಿಗೆ ಹಾಕಿದ ದಂಡವನ್ನು ನನಗೆ ಹಾಕಲಿ. ನೀವು ನನ್ನನ್ನು ಕ್ಷಮಿಸಬೇಕಾಗಿಲ್ಲ, ಮಗನನ್ನು ಮನೆಗೆ ಕರೆಯಿರಿ.

ಇನ್ನೊಂದು ಮಾತಿದೆ, ಇದನ್ನು ಹೇಳದೆ ವಿಧಿಯಿಲ್ಲ. ಅವತ್ತು ಅವನು ಸುಮ್ಮನೆ ಕುಳಿತಿರಲಿಲ್ಲ, ಚಂದ್ರಮ್ಮ. ನಿಮ್ಮನ್ನು ಕೂಗುತ್ತಿದ್ದ. ಕತ್ತರಿ ಮುಗಿಯುವವರೆಗೂ ಅವನ ಎರಡು ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದುಕೊಂಡಿದ್ದವನು ನಾನು.