ಕಲ್ಯಾಣಿಯ ಕಪ್ಪೆ ಮತ್ತು ನನ್ನ ಫಸ್ಟ್ ಕ್ಲಾಸ್

ನಮ್ಮೂರಿನ ಕಲ್ಯಾಣಿಯಲ್ಲಿದ್ದ ಕಪ್ಪೆಗಳನ್ನು ಖಾಲಿ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ಕೂದಲು ನರೆಸಿಕೊಂಡು, ಪರಿಸರ ಉಳಿಸಿ ಎಂದು ಊರೂರಿಗೆ ಹೋಗಿ ಭಾಷಣ ಬಿಗಿದು ಶಾಲು ಹೊದಿಸಿಕೊಂಡು ಬಂದವಳು ಇಷ್ಟಾದರೂ ಒಪ್ಪಿಕೊಳ್ಳಬೇಡವೇ?

ಮುಳಬಾಗಿಲಿನಿಂದ ಆಂಧ್ರದ ಕಡೆಗೆ ಹೋಗುವ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು ಅರ್ಧ ಗಂಟೆ ನಡೆದರೆ ನಮ್ಮೂರು. ಹೆಂಗಸರು ಒಲೆಯ ಮುಂದೆ ಕನ್ನಡ, ಜಗುಲಿಯ ಮೇಲೆ ತೆಲುಗು, ಜಗಳಕ್ಕೆ ನಿಂತರೆ ಎರಡನ್ನೂ ಸೇರಿಸಿ ಮಾತಾಡುತ್ತಿದ್ದರು. ಊರಾಚೆ ಹುಣಸೆ ಮರಗಳ ನಡುವೆ ಹಳೇ ಕಲ್ಯಾಣಿ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಕಡುಬೇಸಗೆಯಲ್ಲೂ ತಳದಲ್ಲಿ ಪಾಚಿಗಟ್ಟಿದ ನೀರು. ಮೆಟ್ಟಿಲಿನ ಸಂದಿಗಳಲ್ಲಿ ಅಂಗೈಯಗಲದ ಹಸಿರು ಕಪ್ಪೆಗಳು ಕೂತಿರುತ್ತಿದ್ದವು. ನಾನು ಚಿಕ್ಕವಳಿದ್ದಾಗ ಮೇಲಿನ ಮೆಟ್ಟಿಲ ಮೇಲೆ ಜೋರಾಗಿ ಕಾಲು ಅಪ್ಪಳಿಸಿದರೆ ಬುಳುಂಕ್ ಬುಳುಂಕ್ ಎಂದು ಒಂದರ ಹಿಂದೊಂದು ನೀರಿಗೆ ಬೀಳುತ್ತಿದ್ದವು. ಆ ಸದ್ದು ಈಗಲೂ ಒಮ್ಮೊಮ್ಮೆ ಸುಮ್ಮನೆ ಕೂತಿದ್ದಾಗ ಕಿವಿಗೆ ಬರುತ್ತದೆ.

ಆ ಕಪ್ಪೆಗಳ ಯಜಮಾನಿ ನಮ್ಮ ಅತ್ತೆ. ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ನಮ್ಮ ಮನೆಯಲ್ಲೇ ಉಳಿದರು. ಮದುವೆ, ಸೀಮಂತ, ನಾಮಕರಣ ಯಾವುದಕ್ಕೂ ಅವರನ್ನು ಮುಂದೆ ಕರೆಯುತ್ತಿರಲಿಲ್ಲ. ಅವರೂ ಅಡುಗೆ ಮನೆಯ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ನೋಡಿ, ಆಮೇಲೆ ಪ್ರತಿಯೊಬ್ಬರ ಸೀರೆಗೂ ಒಂದೊಂದು ಹೆಸರಿಟ್ಟು ನಮ್ಮನ್ನು ನಗಿಸುತ್ತಿದ್ದರು. ಆದರೆ ಮಳೆ ಹಿಂದೆ ಬಿದ್ದ ವರ್ಷ ಮಾತ್ರ ಇಡೀ ಊರು ಮೊದಲು ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ.

ನಮ್ಮ ಕಡೆ ಮಳೆ ಬಾರದಿದ್ದರೆ ಕಪ್ಪತಲ್ಲಿಯನ್ನು, ಅಂದರೆ ಕಪ್ಪೆ ತಾಯಿಯನ್ನು, ಮೆರೆಸುತ್ತಿದ್ದರು. ಕಲ್ಯಾಣಿಯಿಂದ ಒಂದು ಕಪ್ಪೆ ಹಿಡಿದು, ಅರಿಸಿನ ಬಳಿದು, ಒದ್ದೆ ಬಟ್ಟೆಯಲ್ಲಿ ಒನಕೆಯ ನಡುವಿಗೆ ಸಡಿಲವಾಗಿ ಕಟ್ಟಿ, ಸುತ್ತ ಬೇವಿನ ಸೊಪ್ಪು ಇಟ್ಟು, ಇಬ್ಬರು ಹೆಂಗಸರು ಒನಕೆಯ ತುದಿಗಳನ್ನು ಹೆಗಲ ಮೇಲಿಟ್ಟುಕೊಂಡು ಹೊರಡುವುದು. ಪ್ರತಿ ಮನೆಯವರೂ ಒಂದು ಬಿಂದಿಗೆ ನೀರು ಹೊಯ್ಯಬೇಕು. ಕೊನೆಗೆ ಮನೆ ಮಗಳನ್ನು ಕಳಿಸಿಕೊಡುವ ಹಾಗೆ ಕಪ್ಪೆಯನ್ನು ಅದೇ ಕಲ್ಯಾಣಿಗೆ ಬಿಡಬೇಕು. ಕಲ್ಲಿನ ಸಂದಿಗೆ ಕೈ ಹಾಕುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ, ಹಾವು ಇರುತ್ತದೆಂಬ ಭಯ. ಅತ್ತೆ ಸೆರಗು ಸಿಕ್ಕಿಸಿ ಇಳಿದು, ಒಂದೊಂದನ್ನೇ ಹಿಡಿದು ಗಂಟಲು ನೋಡಿ, ಮುಂಗಾಲಿನ ಬೆರಳು ಒತ್ತಿ ನೋಡಿ, ಬೇಡದ್ದನ್ನು ನೀರಿಗೆ ಬಿಡುತ್ತಿದ್ದರು.

"ಹೆಣ್ಣೇ ಆಗ್ಬೇಕು ಕಣೇ. ಗಂಡು ಕಪ್ಪೆ ಹೊತ್ಕೊಂಡು ತಿರುಗಿದ್ರೆ ಬರೀ ಸದ್ದು ಬರುತ್ತೆ, ಮಳೆ ಬರಲ್ಲ" ಎಂದು ನನಗೂ ತೋರಿಸಿಕೊಟ್ಟಿದ್ದರು. ಗಂಡಿನ ಗಂಟಲಿನ ಎರಡೂ ಕಡೆ ಸುಕ್ಕಾದ ಚೀಲ, ಮೊದಲ ಬೆರಳಿನ ಮೇಲೆ ಉಬ್ಬಿದ ಗಂಟು. ಮುಂದೆ ಕೋಲಾರದ ಕಾಲೇಜಿನಲ್ಲಿ ಲೆಕ್ಚರರ್ ಇದನ್ನೇ ಬೋರ್ಡಿನ ಮೇಲೆ ಬರೆದಾಗ ನಾನು ಮೊದಲ ಬೆಂಚಿನಲ್ಲಿ ಕೂತು ಬೀಗಿದ್ದೆ.

ಎಪ್ಪತ್ತರ ದಶಕದ ಕೊನೆ. ನನ್ನ ಬಿ.ಎಸ್ಸಿ. ಕೊನೆಯ ವರ್ಷ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೂ ಕಾಲೇಜಿಗೆ ಕಪ್ಪೆ ಬರಲಿಲ್ಲ. ಆಗ ಗೋಣಿಚೀಲ ಹಿಡಿದು ಕೆರೆ ಕೆರೆ ಸುತ್ತಿ ಕಪ್ಪೆ ತುಂಬಿಕೊಂಡು ಹೋಗುವವರು ನಮ್ಮ ಕಡೆಗೂ ಬರುತ್ತಿದ್ದರು. ಹಿಂಗಾಲು ಮಾತ್ರ ಕತ್ತರಿಸಿ ಪರದೇಶದವರ ಊಟಕ್ಕೆ ಕಳಿಸುತ್ತಾರಂತೆ ಎಂದು ಕೇಳಿ ನಾವೆಲ್ಲ ಮೂಗು ಮುರಿದಿದ್ದೆವು. ಕಾಲೇಜಿಗೆ ಕಪ್ಪೆ ತಂದುಕೊಡುತ್ತಿದ್ದವನೂ ಆ ಗುಂಪಿಗೇ ಸೇರಿಕೊಂಡಿದ್ದ. ಲೆಕ್ಚರರ್ ತರಗತಿಗೆ ಬಂದು, "ಹಳ್ಳಿಯಿಂದ ಬರೋರು ಯಾರ್‍ಯಾರಿದ್ದೀರಿ? ನಿಮ್ಮೂರುಗಳಲ್ಲಿ ಸಿಕ್ಕಿದ್ದು ತನ್ನಿ. ಇಲ್ಲದಿದ್ರೆ ಜಿರಲೆ ಕೊಯ್ದು ಪಾಸಾಗಿ" ಎಂದರು. ನಾನು ಕೈ ಎತ್ತಿದೆ. ಎತ್ತದೆ ಇರುವ ಜಾತಿಯಲ್ಲ ನಾನು.

ಆ ಭಾನುವಾರ ಅತ್ತೆ ಊರಲ್ಲಿರಲಿಲ್ಲ. ಉಪ್ಪಿನಕಾಯಿಗೆ ಮಾವಿನ ಮಿಡಿ ತರಲು ಶ್ರೀನಿವಾಸಪುರದ ಚಿಕ್ಕತ್ತೆಯ ಮನೆಗೆ ಹೋಗಿದ್ದರು. ನಾನು ಮಧ್ಯಾಹ್ನ ಕಲ್ಯಾಣಿಗೆ ಇಳಿದೆ. ಅತ್ತೆಯಿಂದ ಕಲಿತ ಕೈಚಳಕವೆಲ್ಲ ಅಂದು ಕೆಲಸಕ್ಕೆ ಬಂತು. ಸಂಜೆಯ ಹೊತ್ತಿಗೆ ಎರಡು ಕೊಡ ತುಂಬಿತು. ಸಾಕು ಎಂದು ಒಮ್ಮೆ ಅನ್ನಿಸಿತು, ಆದರೆ ಲೆಕ್ಚರರ್ ಮುಖ ಅರಳುವುದನ್ನು ನೆನೆಸಿಕೊಂಡು ಕೊನೆಯ ಸಂದಿಗೂ ಕೈ ಹಾಕಿದೆ. ಮಾರನೇ ದಿನ ಬಟ್ಟೆ ಕಟ್ಟಿದ ಕೊಡಗಳನ್ನು ಕಂಡು ಕಂಡಕ್ಟರ್, "ಏನಮ್ಮಾ, ಮೊಸರಾ?" ಎಂದ. ಹೌದು ಎಂದೆ. ಅಷ್ಟರಲ್ಲಿ ಮೊಸರು ಒಳಗಿಂದ ಒಂದು ನೆಗೆತ ನೆಗೆಯಿತು. ಕೋಲಾರ ಬರುವವರೆಗೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಪರೀಕ್ಷೆಯ ದಿನ ನನಗೆ ಸಿಕ್ಕಿದ್ದು ಹೆಣ್ಣು. ಮೇಣದ ತಟ್ಟೆಯಲ್ಲಿ ಮಲಗಿಸಿ ಹೊಟ್ಟೆ ಬಿಡಿಸಿದರೆ ಒಳಗೆ ತುಂಬಾ ತತ್ತಿ. ರಕ್ತನಾಳಗಳು ಚೆನ್ನಾಗಿ ಕಾಣಬೇಕಾದರೆ ಅದನ್ನೆಲ್ಲ ತೆಗೆಯಬೇಕು. ಕತ್ತರಿಸಿ ತಟ್ಟೆಯ ಮೂಲೆಗೆ ಸರಿಸಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಬಗ್ಗಿ ನೋಡಿ, "ಬಹಳ ನೀಟಾಗಿದೆಯಮ್ಮ" ಎಂದರು. ನನಗೆ ಫಸ್ಟ್ ಕ್ಲಾಸ್ ಬಂತು. ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿದರು.

ಆ ವರ್ಷ ಮುಂಗಾರು ಬರಲಿಲ್ಲ. ರಾಗಿ ಬಿತ್ತನೆಗೆ ಹೊಲ ಹದ ಮಾಡಿಕೊಂಡು ಕೂತವರು ದಿನಾ ಮೇಲೆ ನೋಡಿದರೂ ಮೋಡ ಬಂದು ಬಂದು ಹಾಗೇ ಹೋಗುತ್ತಿತ್ತು. ಒಂದು ಬೆಳಿಗ್ಗೆ ಹೆಂಗಸರು ಒನಕೆ ಹಿಡಿದು ನಮ್ಮ ಜಗುಲಿಗೆ ಬಂದರು. ಅತ್ತೆಗೆ ಎಲ್ಲಿಲ್ಲದ ಹುರುಪು. ನೆಟ್ಟಗೆ ಕಲ್ಯಾಣಿಗೆ ಹೋಗಿ ಇಳಿದರು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಬುಳುಂಕ್ ಎಂಬ ಒಂದು ಸದ್ದೂ ಬರಲಿಲ್ಲ. ಅತ್ತೆ ನಾಲ್ಕೂ ಕಡೆಯ ಸಂದಿಗಳಲ್ಲಿ ಕೈಯಾಡಿಸಿ, ಮೊಣಕೈ ತರಚಿಕೊಂಡು, ಬರಿಗೈಯಲ್ಲಿ ಮೇಲೆ ಬಂದರು.

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ನೀರಿಗೆ ಹೊರಟಿದ್ದ ಒಬ್ಬ ಮುದುಕಿ, ನಮ್ಮ ಜಗುಲಿಗೆ ಕೇಳುವಂತೆಯೇ, "ಗಂಡನ್ನ ನುಂಗ್ಕೊಂಡ ಕೈ. ಇಷ್ಟು ದಿನ ತಾಯಿ ತಡ್ಕೊಂಡ್ಳು, ಈಗ ಊರು ಬಿಟ್ಟು ಹೋದ್ಳು. ಇನ್ಮೇಲೆ ಆ ಕೈಲಿ ಹಿಡಿಸ್ಬೇಡಿ" ಎಂದಳು. ಯಾರೂ ಇಲ್ಲವೆನ್ನಲಿಲ್ಲ. ಬಾಯಿ ಜೋರಿನ ನಮ್ಮ ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತು ತಮ್ಮ ಎರಡೂ ಅಂಗೈ ನೋಡಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ. ಊರಿಗೆಲ್ಲ ಸಕ್ಕರೆ ಹಂಚಿಸಿಕೊಂಡ ಫಸ್ಟ್ ಕ್ಲಾಸಿನವಳಿಗೆ ಬಾಯಿ ಬರಲಿಲ್ಲ. ಇಂದಿಗೂ ನಾಚಿಕೆಯಾಗುತ್ತದೆ.

ಮಾರನೇ ದಿನ ಸರ್ಟಿಫಿಕೇಟಿನ ಕೆಲಸವಿದೆ ಎಂದು ಸುಳ್ಳು ಹೇಳಿ ಕೋಲಾರದ ಬಸ್ಸು ಹತ್ತಿದೆ. ಪರೀಕ್ಷೆಯಲ್ಲಿ ಉಳಿದ ಕಪ್ಪೆಗಳನ್ನು ಲ್ಯಾಬಿನ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟಿದ್ದುದು ನೆನಪಿತ್ತು. ರಜೆಯಲ್ಲಿ ಕಾವಲಿದ್ದ ಅಟೆಂಡರ್ ತೊಟ್ಟಿಯೊಳಗೆ ಇಣುಕಿ, "ಬಿಸಿಲಿಗೆ ಎಲ್ಲಾ ಹೋದ್ವಮ್ಮ. ಒಂದೇ ಒಂದು ಗಟ್ಟಿ ಪಿಂಡ ಉಳ್ಕೊಂಡಿದೆ" ಎಂದು ಅದನ್ನು ಹಿಡಿದು ನನ್ನ ಊಟದ ಡಬ್ಬಿಗೆ ಹಾಕಿಯೇಬಿಟ್ಟ. ಬಸ್ಸಿಗೆ ಹೊತ್ತಾಗಿತ್ತು. ಡಬ್ಬಿ ಎದೆಗೊತ್ತಿಕೊಂಡು ಓಡಿದೆ. ಊರು ಸೇರಿ, ಯಾರೂ ಇಲ್ಲದ್ದು ನೋಡಿ ಕಪ್ಪೆಯನ್ನು ಕಲ್ಯಾಣಿಗೆ ಬಿಟ್ಟು, ಮನೆಗೆ ಹೋಗಿ, "ಅತ್ತೆ, ಕಲ್ಯಾಣಿ ಹತ್ರ ಬರ್ತಿದ್ದಾಗ ಏನೋ ನೀರಿಗೆ ಬಿದ್ದ ಹಾಗಾಯ್ತು. ಇನ್ನೊಂದ್ಸಲ ನೋಡಿ" ಎಂದೆ.

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನೆರೆಹೊರೆಯವರನ್ನೆಲ್ಲ ಕೂಗಿ ಕರೆದು, ಅವರ ಕಣ್ಣೆದುರೇ ಇಳಿದರು. ಎರಡನೇ ಸಂದಿಯಲ್ಲೇ ಸಿಕ್ಕಿತು. ಹೆಂಗಸರು ಹೋ ಎಂದರು. ಆ ಮುದುಕಿಯೂ ಕೆನ್ನೆ ಬಡಿದುಕೊಂಡಳು. ಅತ್ತೆ ಎಂದಿನಂತೆ ಗಂಟಲು ನೋಡಲಿಲ್ಲ, ಬೆರಳು ಒತ್ತಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಕಪ್ಪೆಯ ಗಂಟಲಿಗೆ ದಪ್ಪಗೆ ಅರಿಸಿನ ಮೆತ್ತಿ, ಬೇವಿನ ಸೊಪ್ಪು ಒತ್ತೊತ್ತಾಗಿ ಮುಚ್ಚಿದರು. ಸಂಭ್ರಮಕ್ಕೆ ಹಾಗೆ ಮಾಡುತ್ತಿದ್ದಾರೆಂದು ನಾನು ತಿಳಿದೆ.

ಮೆರವಣಿಗೆ ಮೂರನೇ ಮನೆಗೆ ಬಂದಾಗ ತಣ್ಣೀರು ಬಿದ್ದ ಕಪ್ಪೆ ಗಟ್ಟಿಯಾಗಿ ಒಂದು ಕೂಗು ಹಾಕಿತು. "ತಲ್ಲಿ ಪಲಿಕಿಂದಿ!" ತಾಯಿ ಮಾತಾಡಿದಳು ಎಂದು ಹೆಂಗಸರು ಕುಣಿದರು. ಅತ್ತೆ ಮಾತ್ರ ಇದ್ದಕ್ಕಿದ್ದಂತೆ ದೊಡ್ಡ ಗಂಟಲಿನಲ್ಲಿ ಹಾಡಲು ಶುರು ಮಾಡಿದರು. ಕಲ್ಯಾಣಿ ಮುಟ್ಟುವವರೆಗೂ ನಿಲ್ಲಿಸಲಿಲ್ಲ.

ಹದಿನೈದು ದಿನ ಕಳೆದು ಮಳೆ ಬಂತು. ಕಪ್ಪೆಯಿಂದ ಬಂತೆಂದು ನಾನು ಹೇಳಲಾರೆ, ಬರಲಿಲ್ಲವೆಂದು ಅತ್ತೆಯ ಮುಂದೆ ಹೇಳುವ ಧೈರ್ಯವೂ ನನಗಿರಲಿಲ್ಲ. ಕಲ್ಯಾಣಿಯಲ್ಲಿ ನಾಲ್ಕಾರು ಮೆಟ್ಟಿಲು ನೀರೇರಿತು. ಸಂಜೆಯಾದರೆ ಅಲ್ಲಿಂದ ಕೂಗು ಕೇಳುತ್ತಿತ್ತು. ತಾಯಿ ಹರಸುತ್ತಿದ್ದಾಳೆ ಎಂದು ಊರವರಿಗೆ ಖುಷಿಯೋ ಖುಷಿ. ನನಗೆ ಅನ್ನ ಸೇರುತ್ತಿರಲಿಲ್ಲ. ಕೂಗುವುದು ಗಂಡು ಕಪ್ಪೆ ಮಾತ್ರ, ಹೆಣ್ಣನ್ನು ಕರೆಯಲು. ಮೊದಲ ವರ್ಷದ ಹುಡುಗಿಗೂ ಗೊತ್ತಿರುವ ಪಾಠ ಅದು. ಡಬ್ಬಿಗೆ ಹಾಕಿಸಿಕೊಳ್ಳುವಾಗ ನಾನು ಅದರ ಗಂಟಲನ್ನೇ ನೋಡಿರಲಿಲ್ಲ.

ಐದನೆಯದೋ ಆರನೆಯದೋ ಸಂಜೆ ಅತ್ತೆ ಜಗುಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಾ ಕೂತಿದ್ದರು. ಕಲ್ಯಾಣಿಯ ಕಡೆಯಿಂದ ಕೂಗು ಬಂತು. ನಿಂತಿತು. ಮತ್ತೆ ಬಂತು.

"ಪಾಪ, ಗಂಟ್ಲು ಹರ್ಕೊಳ್ತಾನೆ" ಎಂದರು ಅತ್ತೆ.

ನಾನು ಮೊರದಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದೆ.

"ಹಿಡಿದ ತಕ್ಷಣ ಗೊತ್ತಾಯ್ತು ಕಣೇ, ಗಂಡು ಅಂತ. ಕಾಲೇಜಿಗೆ ಹೋಗಿ ಬಂದಿದ್ದು ಅಂತಾನೂ ಗೊತ್ತಾಯ್ತು, ಮೈಯೆಲ್ಲಾ ನೀನು ಹಾಕ್ಕೊಳ್ಳೋ ಆ ಬಿಳಿ ಕೋಟಿನ ಔಷಧಿ ವಾಸನೆ. ಮಿಕ್ಕಿದ್ದೆಲ್ಲಿ?"

ಆಗ ಹೇಳಿದೆ. ಕೊಡ, ಬಸ್ಸು, ಮೇಣದ ತಟ್ಟೆ, ಎಲ್ಲವನ್ನೂ ಹೇಳಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೊರ ಪಕ್ಕಕ್ಕಿಟ್ಟರು.

"ಆ ಮುದುಕಿ ನನ್ನನ್ನ ಅಂದಾಗ ಹೇಳ್ಬಹುದಿತ್ತು ನೀನು" ಎಂದರು. ಆಮೇಲೆ ಕಲ್ಯಾಣಿಯ ಕಡೆ ನೋಡಿ, "ಹೋಗ್ಲಿ. ನಾನು ಕೇಳಿಸ್ಕೊಂಡು ಅಭ್ಯಾಸ ಆದೋಳು. ಅದಕ್ಕೆ ಅಭ್ಯಾಸ ಇಲ್ಲ. ದಿನಾ ಕರೆದ್ರೂ ಯಾರೂ ಬರದೆ ಇರೋದು ಏನೂಂತ ನಂಗೊತ್ತು. ಜೊತೆ ತಂದು ಬಿಡು" ಎಂದರು.

ಜೊತೆ ಹುಡುಕಲು ಹೊರಟಾಗಲೇ ಸುತ್ತಲಿನ ಕೆರೆಗಳು ಎಷ್ಟು ಬರಿದಾಗಿವೆಯೆಂದು ನನಗೆ ತಿಳಿದದ್ದು. ಮುಳಬಾಗಿಲ ಸುತ್ತ ಹುಡುಕಿದೆ, ಗೆಳತಿಯ ಊರೆಂದು ಮಾಲೂರಿನ ಕಡೆಗೂ ಹೋದೆ. ಗೋಣಿಚೀಲದವರು ನನಗಿಂತ ಮೊದಲೇ ಬಂದು ಹೋಗಿದ್ದರು. ಅವರನ್ನು ಬಯ್ಯಲು ಬಾಯಿ ತೆರೆದಾಗಲೆಲ್ಲ ನನ್ನ ಎರಡು ಕೊಡಗಳು ನೆನಪಾಗುತ್ತಿದ್ದವು. ಕೊನೆಗೆ ಶ್ರೀನಿವಾಸಪುರದ ಚಿಕ್ಕತ್ತೆಯವರ ಮಾವಿನ ತೋಪಿನ ಹಳೇ ಬಾವಿಯಲ್ಲಿ ಎರಡು ಸಿಕ್ಕವು. ಗಂಟಲು ನೋಡಿದೆ, ಬೆರಳು ಒತ್ತಿದೆ, ನಂಬಿಕೆ ಸಾಲದೆ ಬಸ್ಸಿನಲ್ಲಿ ಮತ್ತೊಮ್ಮೆ ಮುಚ್ಚಳ ತೆಗೆದು ನೋಡಿದೆ. ಈ ಸಲ ಕಂಡಕ್ಟರ್ ಕೇಳಿದಾಗ ಕಪ್ಪೆ ಎಂದೇ ಹೇಳಿದೆ.

ಅವನ್ನು ಕಲ್ಯಾಣಿಗೆ ಬಿಟ್ಟ ಮೂರನೇ ದಿನ ಒಳ್ಳೆ ಮಳೆ ಹೊಯ್ಯಿತು. ಬೆಳಿಗ್ಗೆ ಅತ್ತೆ ನನ್ನನ್ನು ಎಬ್ಬಿಸಿ ಕೈ ಹಿಡಿದು ಕಲ್ಯಾಣಿಗೆ ಇಳಿಸಿದರು. ಮೆಟ್ಟಿಲಿನ ಅಂಚಿನಲ್ಲಿ, ಹೊಸ ನೀರಿನಲ್ಲಿ, ಸಬ್ಬಕ್ಕಿ ಪಾಯಸಕ್ಕೆ ಕರಿ ಎಳ್ಳು ಉದುರಿಸಿದ ಹಾಗೆ ತತ್ತಿಗಳ ರಾಶಿ ತೇಲುತ್ತಿತ್ತು. ಪರೀಕ್ಷೆಯ ದಿನ ತಟ್ಟೆಯ ಮೂಲೆಗೆ ಸರಿಸಿದ್ದು ಇದನ್ನೇ. ಎಷ್ಟೊಂದು ಇತ್ತು ಎಂದು ನನಗೆ ಆಗ ಕಂಡಿರಲೇ ಇಲ್ಲ. ತಿಳಿಯದೆಯೇ ನನ್ನ ಕೈ ನೀರಿನ ಕಡೆ ಹೋಯಿತು.

"ಮುಟ್ಬೇಡ ಕಣೇ" ಎಂದರು ಅತ್ತೆ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.