ಕನ್ನಡದಲ್ಲಿ ಕೇಳಿದ ಪ್ರಶ್ನೆ

ಸಹೋದ್ಯೋಗಿಯ ಮದುವೆಗೆಂದು ಮೊನ್ನೆ ಹಸಿರು ರವಿಕೆ ತೆಗೆದರೆ ತೋಳು ಏರಲಿಲ್ಲ. ತಿರುಗಿಸಿ ನೋಡಿದೆ. ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಹಾಗೆಯೇ ಇತ್ತು. "ನೀನು ದಪ್ಪ ಆಗ್ತಿ, ನೋಡು. ಆಗ ಬಿಚ್ಚುವ" ಎಂದು ನಫೀಸಕ್ಕ ನಗುತ್ತಾ ಬಿಟ್ಟದ್ದು. ಬಿಚ್ಚಿಸಬೇಕಾದರೆ ಅವರಲ್ಲಿಗೇ ಹೋಗಬೇಕು. ನಾನಾದರೋ ಎರಡು ವರ್ಷದಿಂದ ಅವರ ಬಾಗಿಲು ದಾಟುವಾಗಲೆಲ್ಲ ಮೊಬೈಲ್ ನೋಡಿಕೊಂಡು ನಡೆಯುತ್ತಿದ್ದೇನೆ.

ತೋಡಾರಿನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರದು. ಮುಂದಿನ ಕೋಣೆಯೇ ಟೈಲರ್ ಅಂಗಡಿ. ಶಾಲೆಯ ಯೂನಿಫಾರ್ಮಿನಿಂದ ಹಿಡಿದು ನನ್ನ ಅಳತೆಯೆಲ್ಲ ಅವರಿಗೆ ಬಾಯಿಪಾಠ.

ನಿಮಗೆ ಎಂದಾದರೂ ಕೋರ್ಟಿನ ಸಮನ್ಸ್ ಬಂದಿದೆಯೇ? ಬಾರದಿರಲಿ. ಎರಡು ವರ್ಷದ ಹಿಂದೆ, ಸ್ಕೂಟರಿಗೆ ಸಾಲ ಪಡೆದು ಕಟ್ಟಿಲ್ಲವೆಂದು ಒಂದು ಫೈನಾನ್ಸ್ ಕಂಪನಿ ಬಂಟ್ವಾಳದಲ್ಲಿ ನನ್ನ ಮೇಲೆ ದಾವೆ ಹೂಡಿತ್ತು. ನನಗೆ ಸೈಕಲ್ ಸಹ ಬಿಡಲು ಬರುವುದಿಲ್ಲ. ಆದರೂ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಸಮನ್ಸ್ ಪಡೆದು ಸಹಿ ಹಾಕುವಾಗ ಪಕ್ಕದ ಮನೆಯ ಕಿಟಕಿ ತೆರೆದಿದೆಯೇ ಎಂದು ನೋಡಿದೆ. ಅಮ್ಮನಿಗೆ ಹೇಳಲಿಲ್ಲ. ಕಾಗದವನ್ನು ಕಪಾಟಿನಲ್ಲಿ ಸೀರೆಯಡಿ ಹಾಸಿದ ಪತ್ರಿಕೆಯ ಕೆಳಗೆ ಇಟ್ಟೆ.

ಎಂ.ಎ. ಮಾಡಿದವಳಲ್ಲವೇ, ಸಾಕ್ಷ್ಯ ಹುಡುಕಲು ಕುಳಿತೆ. ನಾನು ಹಾಸ್ಟೆಲಿನಲ್ಲಿದ್ದಾಗ ಅಮ್ಮ ಕೈ ಮುರಿದುಕೊಂಡಿದ್ದರು. ಗ್ಯಾಸ್ ಕನೆಕ್ಷನ್ ನನ್ನ ಹೆಸರಿಗೆ ಮಾಡಿಸಲು ಮೂಡುಬಿದಿರೆಗೆ ಅಲೆದವರು ನಫೀಸಕ್ಕ. ಅದಕ್ಕೆಂದು ನನ್ನ ಆಧಾರಿನ ಎರಡು ಜೆರಾಕ್ಸ್ ಅವರ ಕೈಗೆ ಕೊಟ್ಟಿದ್ದೆ. ಅಷ್ಟು ನೆನಪಾದದ್ದೇ ಸಾಕಾಯಿತು, ಅವರ ಅಂಗಡಿಗೆ ಹೋದೆ.

ನಾವಿಬ್ಬರೂ ಯಾವತ್ತೂ ತುಳುವಿನಲ್ಲೇ ಮಾತಾಡುವವರು. ಆ ದಿನ ನನ್ನ ಬಾಯಿಂದ ಕನ್ನಡ ಬಂತು, ಕೌಂಟರಿನ ಹಿಂದೆ ಕೂತವರ ಕನ್ನಡ.

"ನನ್ನ ಆಧಾರಿನ ಜೆರಾಕ್ಸ್ ನಿಮ್ಮಲ್ಲಿ ಉಂಟಲ್ಲ, ಅದನ್ನು ಎಲ್ಲಿಯಾದರೂ ಉಪಯೋಗಿಸಿದ್ದೀರಾ?"

ಮೆಷಿನ್ ನಿಂತಿತು. "ಎಂತಕ್ಕೆ ಮಾರಾಯ್ತಿ?" ಎಂದರು, ತುಳುವಿನಲ್ಲೇ.

"ಸಾಲಕ್ಕೆ."

ಅವರು ಗುಂಡಿಗಳ ಡಬ್ಬಿ ತೆರೆದು, ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದ ತೆಗೆದುಕೊಟ್ಟರು. ಅಡ್ಡಲಾಗಿ ನನ್ನದೇ ಅಕ್ಷರ: ಗ್ಯಾಸ್ ಕನೆಕ್ಷನ್ನಿಗೆ ಮಾತ್ರ.

"ಒಂದು ಹೆಚ್ಚಾಯಿತು. ನಿನ್ನ ಫೋಟೋ ಉಂಟಲ್ಲ, ಬಿಸಾಡುವುದು ಹೇಗೆ ಅಂತ ಇಟ್ಟೆ."

ನಾನು "ಥ್ಯಾಂಕ್ಸ್" ಎಂದೆ. ಅದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಬಿ.ಸಿ.ರೋಡಿನ ವಕೀಲರು ಸಮನ್ಸ್ ನೋಡಿ, "ಇಷ್ಟು ದಿನ ಎಂತ ಮಾಡ್ತಿದ್ರಿ? ಸುಮ್ಮನೆ ಕೂತರೆ ಒಪ್ಪಿದ ಹಾಗೆ ಆಗ್ತದೆ" ಎಂದು ಗದರಿದರು. ಆಧಾರಿನ ಪ್ರತಿ ಯಾರಿಗೆಲ್ಲ ಕೊಟ್ಟಿದ್ದೀರಿ ಎಂದು ಕೇಳಿದರು. ಸಿಮ್ ಅಂಗಡಿ, ಬ್ಯಾಂಕು, ಹಾಸ್ಟೆಲು, ಕೆಲಸದ ಕಚೇರಿ, ಲಾಡ್ಜು... "ನೀವು ಮದುವೆ ಕಾಗದದ ಹಾಗೆ ಹಂಚಿದ್ದೀರಿ ಮಾರಾಯ್ರೆ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟೂ ಕಡೆಗಳಲ್ಲಿ ನಾನು ಮೆಟ್ಟಿಲು ಹತ್ತಿ ಪ್ರಶ್ನೆ ಕೇಳಿದ್ದು ಒಂದೇ ಮನೆಯಲ್ಲಿ. ಅದೇ ಮನೆ ಏಕೆ ಎಂಬುದಕ್ಕೆ ನನ್ನಲ್ಲಿ ಹೇಳಿಕೊಳ್ಳುವಂಥ ಕಾರಣವಿಲ್ಲ. ಸುಲಭವಿತ್ತು, ಅಷ್ಟೆ. ಅವರು ನನ್ನನ್ನು ತಿರುಗಿ ಕೇಳುವವರಲ್ಲ.

ಸಾಲ ನನ್ನದಲ್ಲ, ಸಹಿ ನನ್ನದಲ್ಲ ಎಂದು ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟೆವು. ಮೂಲ ಸಾಲಪತ್ರ ಹಾಜರುಪಡಿಸಬೇಕೆಂದು ವಕೀಲರು ಪಟ್ಟು ಹಿಡಿದರು. ಬಂದ ಕಾಗದದಲ್ಲಿ ಹೆಸರು ನನ್ನದೇ, ತಂದೆಯ ಹೆಸರು ಬೇರೆ, ಫೋಟೋದಲ್ಲಿ ಯಾರೋ ಅಪರಿಚಿತೆ. ಅವಳ ವಿಳಾಸ ಹುಡುಕಿದವರು ನನ್ನ ಮನೆಗೆ ಮುಟ್ಟಿದ್ದರು. ನನ್ನ ಜೆರಾಕ್ಸ್ ಯಾರೂ ಎಲ್ಲೂ ಬಳಸಿರಲೇ ಇಲ್ಲ. ಕಂಪನಿ ದಾವೆ ಹಿಂತೆಗೆದುಕೊಂಡಿತು. ಬಸ್ಸಿನಲ್ಲಿ ಮರಳುವಾಗ ನಿರಾಳವಾಗಬೇಕಿತ್ತು.

ನಿನ್ನೆ ರವಿಕೆ ಹಿಡಿದು ಹೋದೆ. ಅದು ನೆಪವಾಗಬಾರದೆಂದು ಅದನ್ನು ಚೀಲದಿಂದ ತೆಗೆಯುವ ಮೊದಲೇ ಹೇಳಿದೆ, ತುಳುವಿನಲ್ಲಿ: "ನಫೀಸಕ್ಕಾ, ಆ ದಿನ ನಾನು ನಿಮ್ಮನ್ನು ಕಳ್ಳಿ ಅಂದುಕೊಂಡೇ ಬಂದಿದ್ದೆ. ತಪ್ಪಾಯಿತು."

ಅವರು ಮೆಷಿನ್ ನಿಲ್ಲಿಸಲಿಲ್ಲ. ಹೊಲಿಯುತ್ತಿದ್ದ ಸೆರಗಿನ ಅಂಚು ಮುಗಿದ ಮೇಲೆ ನೂಲು ಕತ್ತರಿಸಿ, ನಾನು ಚಾಚಿದ ರವಿಕೆ ತೆಗೆದುಕೊಂಡು ತಿರುಗಿಸಿ, ತಾವೇ ಬಿಟ್ಟ ಬಟ್ಟೆಯ ಮೇಲೆ ಹೆಬ್ಬೆರಳು ಎಳೆದರು.

"ಬಿಚ್ಚಬಹುದು. ಗುರುವಾರ ಬನ್ನಿ," ಎಂದರು. ಕನ್ನಡದಲ್ಲಿ.

ಗುರುವಾರ ಹೋಗುತ್ತೇನೆ. ಅವರು ಯಾವುದರಲ್ಲಿ ಮಾತಾಡಿದರೂ ನಾನು ತುಳುವಿನಲ್ಲೇ ಉತ್ತರಿಸುತ್ತೇನೆ.